ಕೆರೆ ಗದ್ದೆಗಳ ನೀರುಹಾವು

ಕೆರೆಯ ತೂಬು, ಕಾಲುವೆಯ ಅಂಚು, ನೀರು ನಿಂತ ಭತ್ತದ ಗದ್ದೆ, ಇವುಗಳಲ್ಲಿ ರೈತರ ಕಣ್ಣಿಗೆ ಮೇಲಿಂದ ಮೇಲೆ ಬೀಳುವುದು ನೀರುಹಾವು. ಇದನ್ನು ನೀರೊಳ್ಳೆ ಎಂದೂ ಕರೆಯುವರು. ಇದು ವಿಷದ ಹಾವಲ್ಲ. ಆದರೂ ಕಂಡೊಡನೆ ಬಡಿದು ಕೊಲ್ಲುವುದು ವಾಡಿಕೆ. ಕೆಣಕಿದಾಗ ಇದು ತಲೆಯೆತ್ತಿ ಕತ್ತನ್ನು ಚಪ್ಪಟೆ ಮಾಡುವುದರಿಂದ ನಾಗರಹಾವೆಂಬ ಭ್ರಾಂತಿಯುಂಟಾಗುವುದು. ಹಿಡಿದರೆ ರಕ್ತ ಬರುವಂತೆ ಕಚ್ಚುವುದೂ ಉಂಟು.

ಇದರ ಮೈ ಸಾಮಾನ್ಯವಾಗಿ ಮಾಸಲು ಹಳದಿ ಅಥವಾ ಹಸುರುಗಂದು. ಮೇಲೆ ಚದುರಂಗದ ಹಾಸಿನಂತೆ ಕಪ್ಪು ಚೌಕಗಳು. ಕಣ್ಣಿನಿಂದ ಓರೆಯಾಗಿ ಇಳಿಯುವ ಎರಡು ಕಪ್ಪು ಗೆರೆಗಳು. ಆಹಾರವು ಮುಖ್ಯವಾಗಿ ಮೀನು ಮತ್ತು ಕಪ್ಪೆ. ಗದ್ದೆಯ ಇಲಿಗಳನ್ನು ಹಿಡಿಯುವ ಕೀರ್ತಿ ಕೇರೆಹಾವಿಗೆ ಸಲ್ಲತಕ್ಕದ್ದು. ಅದನ್ನು ನೀರುಹಾವಿಗೆ ಕೊಡಬೇಕಾದುದಿಲ್ಲ. ಆದರೆ ಬೆಳೆಗಾಗಲಿ ದನಕರುಗಳಿಗಾಗಲಿ ಇದರಿಂದ ಹಾನಿಯಿಲ್ಲ.

ಕಪ್ಪೆ ಇಲಿಗಳನ್ನರಸಿ ನಾಗರಹಾವೂ ಅದೇ ಬದುಗಳಿಗೆ ಬರುವುದು. ಆದುದರಿಂದ ನೀರಿನ ಬಳಿ ಕಚ್ಚಿದ್ದೆಲ್ಲ ನೀರುಹಾವೆಂದು ಊಹಿಸಿ ಸುಮ್ಮನಿರುವುದು ಪ್ರಾಣಾಪಾಯಕರ. ನೀರುಹಾವು ಕಚ್ಚಿದವನು ಮಂತ್ರದಿಂದ ಬದುಕಿದನೆಂಬ ಹೆಸರು ಹಬ್ಬಿ, ನಾಗರಹಾವು ಕಚ್ಚಿದವನನ್ನೂ ಮಂತ್ರವಾದಿಯ ಬಳಿಗೇ ಒಯ್ಯುವುದುಂಟು. ಮೊದಲನೆಯವನು ಮಂತ್ರವಿಲ್ಲದೆಯೂ ಬದುಕುತ್ತಿದ್ದನು. ಕಚ್ಚಿಸಿಕೊಂಡವನನ್ನು ನಡೆಸದೆ, ಕಚ್ಚಿದ ಅಂಗವನ್ನು ಅಲುಗಿಸದೆ, ಕೂಡಲೆ ಆಸ್ಪತ್ರೆಗೆ ಸಾಗಿಸತಕ್ಕದ್ದು. ಗಾಯವನ್ನು ಕೊಯ್ಯುವುದು, ಹೀರುವುದು, ಹಗ್ಗದಿಂದ ಬಿಗಿಯುವುದು ಕೂಡದು; ಹಾವನ್ನು ಹುಡುಕುತ್ತ ಹೊತ್ತು ಕಳೆಯಲೂ ಬಾರದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ಈ 4 ಹಾವುಗಳ ವಿಷಕ್ಕೂ ಒಂದೇ ಪ್ರತಿವಿಷದ ಚುಚ್ಚುಮದ್ದು ಸಲ್ಲುವುದು. ಅದು ಹತ್ತಿರದ ಯಾವ ಆಸ್ಪತ್ರೆಯಲ್ಲಿ ದೊರೆಯುವುದೆಂಬುದನ್ನು ಗ್ರಾಮದ ಮುಖಂಡರು ನಾಟಿಗೆ ಮುಂಚೆಯೇ ವಿಚಾರಿಸಿ ಎಲ್ಲರಿಗೂ ತಿಳಿಸಿರತಕ್ಕದ್ದು.