ಎನ್‌ಐಸಿಯು ಬಾಗಿಲಲ್ಲಿ ನಿಂತ ತಂದೆ-ತಾಯಿಗೆ ಕಾನೂನು ಏನು ಕೊಟ್ಟಿದೆ?

ದಿನ ತುಂಬುವ ಮೊದಲೇ ಹುಟ್ಟಿದ ಮಗುವನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕದ (ಎನ್‌ಐಸಿಯು) ‘ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು’ ಎಂದು ಡಾಕ್ಟರು ಹೇಳಿದ ಮರುಗಳಿಗೆ ಮನೆಯವರು ಕೇಳುವುದು ಎರಡೇ ಮಾತು: ಮಗು ಉಳಿಯುತ್ತಾ, ಖರ್ಚು ಎಷ್ಟಾಗುತ್ತೆ? ಮೊದಲನೆಯದಕ್ಕೆ ವೈದ್ಯರೇ ಉತ್ತರ ಹೇಳಬೇಕು. ಎರಡನೆಯದಕ್ಕೆ ಸರ್ಕಾರದ ಆದೇಶಗಳಲ್ಲಿ ಉತ್ತರವಿದೆ. ಅದು ತಿಳಿಯದೆ ಒಡವೆ ಅಡವಿಟ್ಟು ಹಣ ಹೊಂದಿಸುವವರನ್ನು ಕಂಡಾಗ ಸಂಕಟವಾಗುತ್ತದೆ.

2011ರ ಜೂನ್‌ನಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ನವಜಾತ ಶಿಶುವಿನ ಚಿಕಿತ್ಸೆ, ಔಷಧಿ, ರಕ್ತ, ಪರೀಕ್ಷೆ ಎಲ್ಲವೂ ಉಚಿತ. ಮೊದಲು 30 ದಿನಗಳಿಗಿದ್ದ ಈ ಸೌಲಭ್ಯ ನಂತರ ಒಂದು ವರ್ಷದ ಮಗುವಿನವರೆಗೂ ವಿಸ್ತರಿಸಿದೆ. ಇದಕ್ಕೆ ಬಿಪಿಎಲ್ ಕಾರ್ಡ್ ಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾಸ್ಪತ್ರೆಯ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಕ್ಕೆ (ಎಸ್‌ಎನ್‌ಸಿಯು) ಕಳಿಸಿದರೆ ಆಂಬುಲೆನ್ಸ್‌ಗೂ ಹಣ ಕೊಡಬೇಕಿಲ್ಲ. ಬಾಣಂತಿ-ಮಗುವನ್ನು ಮನೆ ತಲುಪಿಸಲು ‘ನಗು-ಮಗು’ ವಾಹನವಿದೆ. ಔಷಧಿ ಹೊರಗಿನಿಂದ ತನ್ನಿ ಎಂದರೆ ಆ ಚೀಟಿಯನ್ನು ಜೋಪಾನವಾಗಿಟ್ಟುಕೊಂಡು ಆಸ್ಪತ್ರೆಯ ಮುಖ್ಯಸ್ಥರನ್ನು ಕಾಣಿ, ಆರೋಗ್ಯ ಸಹಾಯವಾಣಿ 104ಕ್ಕೂ ದೂರು ಕೊಡಿ.

ಖಾಸಗಿ ಆಸ್ಪತ್ರೆಗಳಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007 ಅನ್ವಯಿಸುತ್ತದೆ. 2017ರ ತಿದ್ದುಪಡಿಯ ನಂತರ ತುರ್ತು ಸ್ಥಿತಿಯಲ್ಲಿ ಮುಂಗಡ ಕಟ್ಟಿದರೇ ಚಿಕಿತ್ಸೆ ಎನ್ನುವಂತಿಲ್ಲ. ಮಗು ತೀರಿಕೊಂಡರೆ ಬಾಕಿ ಬಿಲ್ಲಿನ ಕಾರಣಕ್ಕೆ ದೇಹವನ್ನು ಹಿಡಿದಿಡುವಂತೆಯೂ ಇಲ್ಲ. ದೂರು ಕೇಳಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಬಿಪಿಎಲ್ ಕುಟುಂಬವಾದರೆ, ಆಸ್ಪತ್ರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿದೆಯೇ ಎಂದು ಮೊದಲ ದಿನವೇ ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿ. ಬಿಲ್ ಕಟ್ಟಿದ ಮೇಲೆ ಕೇಳಿದರೆ ಕೆಲಸ ಕೆಡುತ್ತದೆ.

ತಾಯಿಯನ್ನು ಒಳಗೆ ಬಿಡುವುದು ಯಾರೋ ತೋರುವ ದಯೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಕೇಂದ್ರ ಆರೋಗ್ಯ ಸಚಿವಾಲಯದ 2017ರ ಮಾರ್ಗಸೂಚಿ, ತಂದೆ-ತಾಯಿಗೆ ಕೈ ತೊಳೆಯುವುದರಿಂದ ಹಿಡಿದು ಎದೆಹಾಲು ಕುಡಿಸುವುದು, ಎದೆಗಪ್ಪಿ ಮಲಗಿಸುವ ಕಾಂಗರೂ ಆರೈಕೆಯವರೆಗೆ ಕಲಿಸಿ, ಮಗುವಿನ ಆರೈಕೆಯಲ್ಲಿ ಸೇರಿಸಿಕೊಳ್ಳಬೇಕೆಂದು ಹೇಳುತ್ತದೆ. ಇದು ಶಾಸನವಲ್ಲ, ನಿಜ. ಆದರೂ ಅದರ ಹೆಸರು ಹೇಳಿ ಕೇಳಬಹುದು, ಕೇಳಲೇಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕಣ್ಣಿನ ಪರೀಕ್ಷೆ. ಅವಧಿಗೆ ಮೊದಲು ಹುಟ್ಟಿದ ಮಗುವಿನ ಅಕ್ಷಿಪಟಲದ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಅವು ಅಡ್ಡಾದಿಡ್ಡಿ ಬೆಳೆದರೆ ಅಕ್ಷಿಪಟಲವೇ ಕಿತ್ತು ಬಂದು ದೃಷ್ಟಿ ಹೋಗಬಹುದು. ಇದೇ ಆರ್‌ಒಪಿ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಇರುತ್ತದೆ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ 30 ದಿನಗಳೊಳಗೆ ಪರೀಕ್ಷೆ ಆಗಲೇಬೇಕು. ಇನ್ನೂ ಚಿಕ್ಕ ಮಗುವಾದರೆ ಎರಡು-ಮೂರು ವಾರದಲ್ಲೇ. ಸಕಾಲದಲ್ಲಿ ಲೇಸರ್ ಚಿಕಿತ್ಸೆಯಾದರೆ ಬಹುತೇಕ ಮಕ್ಕಳ ದೃಷ್ಟಿ ಉಳಿಯುತ್ತದೆ. ನಮ್ಮ ರಾಜ್ಯದಲ್ಲಿ ನಾರಾಯಣ ನೇತ್ರಾಲಯದ ಕಿಡ್‌ರಾಪ್ ತಂಡ 2008ರಿಂದ ಜಿಲ್ಲೆಗಳ ಆಸ್ಪತ್ರೆಗಳಿಗೇ ಹೋಗಿ ಈ ಪರೀಕ್ಷೆ ಮಾಡುತ್ತಿದೆ.

1996ರಲ್ಲಿ ಚೆನ್ನೈನ ಎಗ್ಮೋರ್ ಸರ್ಕಾರಿ ಆಸ್ಪತ್ರೆಯಲ್ಲಿ 29ನೇ ವಾರಕ್ಕೇ ಹೆಣ್ಣುಮಗುವೊಂದು ಹುಟ್ಟಿತು. ತೂಕ 1,250 ಗ್ರಾಂ. ಡಿಸ್ಚಾರ್ಜ್ ಮಾಡುವಾಗ ಕಣ್ಣಿನ ಪರೀಕ್ಷೆಯ ಮಾತನ್ನೇ ಯಾರೂ ಎತ್ತಲಿಲ್ಲ. ಮಗು ದೃಷ್ಟಿ ಕಳೆದುಕೊಂಡಿತು. 2015ರ ಜುಲೈ 1ರಂದು ಸುಪ್ರೀಂ ಕೋರ್ಟ್ ಇದನ್ನು ನಿರ್ಲಕ್ಷ್ಯವೆಂದು ಎತ್ತಿಹಿಡಿದು, ಒಟ್ಟು ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. 2019ರಲ್ಲಿ ದೆಹಲಿಯ ಖಾಸಗಿ ಆಸ್ಪತ್ರೆಯೊಂದಕ್ಕೂ ಇಂಥದೇ ಪ್ರಕರಣದಲ್ಲಿ 76 ಲಕ್ಷ ರೂಪಾಯಿ ಕಟ್ಟಲು ಹೇಳಿತು. ಕೋಟಿ ಬಂದರೂ ಕಣ್ಣು ಬರುವುದಿಲ್ಲ. ಆದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ಆರ್‌ಒಪಿ ಪರೀಕ್ಷೆಯ ದಿನಾಂಕ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಅಲ್ಲೇ ನಿಂತು ಬರೆಸಿಕೊಳ್ಳಿ.

ಚಿಕಿತ್ಸೆಯ ಬಗ್ಗೆ ಸಂಶಯ ಬಂದರೆ ಜಗಳಕ್ಕೆ ಹೋಗಬೇಡಿ, ದಾಖಲೆ ಕೇಳಿ. ಬಿಳಿ ಹಾಳೆಯಲ್ಲಿ ಮಗುವಿನ ತಾಯಿಯ ಹೆಸರು, ಒಳರೋಗಿ ಸಂಖ್ಯೆ, ದಾಖಲಾದ ದಿನಾಂಕ ಬರೆದು, ಕೇಸ್ ಶೀಟ್, ನರ್ಸ್‌ಗಳು ಬರೆದ ಚಾರ್ಟ್, ಲ್ಯಾಬ್ ವರದಿ, ಬಿಲ್ಲಿನ ವಿವರ ಕೊಡಿ ಎಂದು ಕೇಳಿ. ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬುದು ವೈದ್ಯಕೀಯ ಪರಿಷತ್ತಿನ 2002ರ ನಿಯಮ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನ ಅರ್ಜಿಯೂ ಉಂಟು.

ನೌಕರಿಯಲ್ಲಿರುವ ತಾಯಿಗೆ ಇನ್ನೊಂದು ಮಾತು: ಅವಧಿಪೂರ್ವ ಹೆರಿಗೆಯಿಂದ ಆರೋಗ್ಯ ಕೆಟ್ಟಿದ್ದರೆ, ವೈದ್ಯರ ಪತ್ರ ಕೊಟ್ಟು ಹೆರಿಗೆ ರಜೆಯ ಮೇಲೆ ಗರಿಷ್ಠ ಒಂದು ತಿಂಗಳು ವೇತನಸಹಿತ ರಜೆ ಪಡೆಯಲು ಕಾನೂನಿನಲ್ಲಿ ಅವಕಾಶವಿದೆ.

ಚಿಕಿತ್ಸೆಯಲ್ಲಿ ನಿರ್ಲಕ್ಷ್ಯವಾಗಿದ್ದರೆ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಗಡುವು. ವಕೀಲರ ಫೀಸಿಗೆ ಹೆದರಿ ಸುಮ್ಮನಾಗಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. ನಿಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.