ಕೆರೆಯ ಮಣ್ಣು, ಕೈಯ ಎತ್ತು



ಮಣ್ಣು ಅಂದರೆ ಏನು? ನಾವು ದಿನಾ ತುಳಿಯುವ ನೆಲ. ಬೀಜ ಬಿತ್ತುವ ಹೊಲ. ಗೋಡೆ ಕಟ್ಟುವ ಕೆಸರು. ಮಡಕೆ, ಒಲೆ, ಹಣತೆ. ಮಣ್ಣಿನಿಂದಲೇ ನಮ್ಮ ಹೊಟ್ಟೆ, ನಮ್ಮ ಮನೆ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಣ್ಣಿಗೇ ಒಂದು ಹಬ್ಬ ಇದೆ. ಅದೇ ಮಣ್ಣೆತ್ತಿನ ಅಮಾವಾಸ್ಯೆ. ಈ ಪಾಠದಲ್ಲಿ ಆ ಹಬ್ಬದ ಬಗ್ಗೆ ಓದೋಣ. ನಮ್ಮ ಊರಲ್ಲಿ ನಡೆದ ಒಂದು ಸಂಗತಿಯನ್ನೂ ಹೇಳುತ್ತೇವೆ.

ಹಬ್ಬ ಯಾವಾಗ?

ಜ್ಯೇಷ್ಠ ಮಾಸದ ಹುಣ್ಣಿಮೆಯೇ ಕಾರ ಹುಣ್ಣಿಮೆ. ಅಂದು ನಿಜವಾದ ಎತ್ತುಗಳಿಗೆ ಹಬ್ಬ. ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕರಿ ಹರಿಯುತ್ತೇವೆ. ಅದಾಗಿ ಹದಿನೈದು ದಿನಕ್ಕೆ ಅಮಾವಾಸ್ಯೆ. ಅಂದು ಮಣ್ಣಿನ ಎತ್ತುಗಳಿಗೆ ಹಬ್ಬ. ಇದು ಜೂನ್ ಇಲ್ಲವೆ ಜುಲೈ ತಿಂಗಳಲ್ಲಿ ಬರುತ್ತದೆ.

ಆ ಹೊತ್ತಿಗೆ ರೋಹಿಣಿ ಮಳೆ ಮುಗಿದಿರುತ್ತದೆ. ಮಿರಗದ ಮಳೆ ಬಂದಿರುತ್ತದೆ, ಇಲ್ಲವೆ ಬರಬೇಕಾಗಿರುತ್ತದೆ. ಮುಂಗಾರು ಬಿತ್ತನೆಯ ಕಾಲ. ರೈತನ ಕಣ್ಣು ಮುಗಿಲ ಮೇಲೆ. ಆಗ ಹಸಿ ಮಣ್ಣು ತಂದು ಒಂದು ಜೋಡಿ ಎತ್ತು ಮಾಡುತ್ತೇವೆ. ಮುಂದೆ ಒಂದು ಗೋದಲಿ ಮಾಡುತ್ತೇವೆ. ಪೂಜೆ ಮಾಡಿ, ಹೋಳಿಗೆ ಇಲ್ಲವೆ ಕಡುಬಿನ ಎಡೆ ಹಿಡಿಯುತ್ತೇವೆ.

ಮರುದಿನ ಹುಡುಗರ ಪಾಳಿ. ಒಂದು ಎತ್ತಿನ ಕಾಲು ಮುರಿದು ಕುಂಟೆತ್ತು ಮಾಡುತ್ತಾರೆ. ಅದನ್ನು ಹಿಡಿದು ಹಾಡುತ್ತಾ ಮನೆಮನೆಗೆ ಹೋಗಿ ಜೋಳ ಬೇಡುತ್ತಾರೆ. ಬಂದ ಕಾಳಿನಿಂದ ಕೂಡಿ ಅಡಿಗೆ ಮಾಡಿಕೊಂಡು ಉಣ್ಣುತ್ತಾರೆ. ಎತ್ತುಗಳನ್ನು ನೀರಿಗೆ ಬಿಡುತ್ತಾರೆ. ಮಣ್ಣು ಮತ್ತೆ ಮಣ್ಣಿಗೆ ಸೇರುತ್ತದೆ.

ಇಲ್ಲಿಗೆ ಮುಗಿಯುವುದಿಲ್ಲ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡುತ್ತಾರೆ. ಕುಸುಬಿ, ಗುಲಗಂಜಿ ಒತ್ತಿ ಸಿಂಗರಿಸುತ್ತಾರೆ. ಶ್ರಾವಣದಲ್ಲಿ ಮಣ್ಣಿನ ನಾಗಪ್ಪ. ಭಾದ್ರಪದದಲ್ಲಿ ಗಣಪ. ಅವನ ಹಿಂದೆಯೇ ಬುಟ್ಟಿಯಲ್ಲಿ ಕೂತು ಬರುವ ಜೋಕುಮಾರ. ಮಳೆಗಾಲದ ಉದ್ದಕ್ಕೂ ನಮ್ಮ ಕೈಗೆ ಮಣ್ಣು ಹತ್ತಿರುತ್ತದೆ.

ಕರಗದ ಎತ್ತು

ಈಗ ನಮ್ಮ ಊರಿನ ಸಂಗತಿ ಕೇಳಿ.

ಒಂದು ಬೇಸಿಗೆಯಲ್ಲಿ ನಮ್ಮ ಓಣಿಯ ಬಾವಿ ಬತ್ತಿತು. ಹೂಳು ತೆಗೆಯಲು ನಾವು ಹತ್ತು ಜನ ಇಳಿದೆವು. ಬುಟ್ಟಿ ಬುಟ್ಟಿ ಕೆಸರು ಮೇಲೆ ಬಂತು. ಕೆಸರಿನ ಜೊತೆಗೆ ಎತ್ತುಗಳೂ ಬಂದವು. ಬಣ್ಣ ಹೋಗಿ ಬೆಳ್ಳಗಾಗಿದ್ದವು. ಒಂದರ ಕೊಂಬು ಮುರಿದಿತ್ತು. ಉಳಿದಂತೆ ಗಟ್ಟಿಯಾಗಿಯೇ ಇದ್ದವು.

ಒಬ್ಬ ಅಜ್ಜಿ ಅವನ್ನು ಕೈಯಲ್ಲಿ ಹಿಡಿದು ನೋಡಿದಳು.

"ಇವು ಹ್ವಾದ ವರ್ಷದ ಎತ್ತು ಅಲ್ಲೇನವಾ? ಇನ್ನೂ ಯಾಕ ಕರಗಿಲ್ಲ?" ಅಂದಳು.

"ಅಜ್ಜಿ, ಇವು ಪ್ಯಾಟ್ಯಾಗಿಂದು ತಂದಿದ್ವು. ಮಣ್ಣಿನವಲ್ಲ" ಅಂದಳು ಸೊಸೆ.

"ಮಣ್ಣಿನವಲ್ಲಂದ್ರ ಮಣ್ಣೆತ್ತು ಹ್ಯಾಂಗ ಆದಾವು?"

ಯಾರಿಗೂ ಉತ್ತರ ಹೊಳೆಯಲಿಲ್ಲ. ಆ ಬಾವಿಯ ನೀರನ್ನು ನಾವೇ ಕುಡಿಯುತ್ತಿದ್ದೆವು.

ಆ ಬಿಳಿ ಎತ್ತು ಯಾವುದರದು? ಪ್ಲಾಸ್ಟರ್ ಆಫ್ ಪ್ಯಾರಿಸ್‌ನದು. ಜನ ಇದನ್ನು ಪಿಒಪಿ ಅನ್ನುತ್ತಾರೆ. ಜಿಪ್ಸಂ ಎಂಬ ಖನಿಜವನ್ನು ಕಾಯಿಸಿ ಪುಡಿ ಮಾಡುತ್ತಾರೆ. ಅದಕ್ಕೆ ನೀರು ಬೆರೆಸಿದರೆ ಸ್ವಲ್ಪ ಹೊತ್ತಿನಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅಚ್ಚಿನಲ್ಲಿ ಹೊಯ್ದರೆ ದಿನಕ್ಕೆ ನೂರಾರು ಬೊಂಬೆ ಆಗುತ್ತವೆ. ಹಗುರ, ನುಣುಪು, ಅಗ್ಗ. ಆದರೆ ಬೇಗ ಕರಗುವುದಿಲ್ಲ. ತಿಂಗಳುಗಟ್ಟಲೆ ನೀರಿನ ತಳದಲ್ಲಿ ಕೂತಿರುತ್ತದೆ. ಮೇಲೆ ಹಚ್ಚುವ ಕೆಲವು ಬಣ್ಣಗಳಲ್ಲಿ ಸೀಸ, ಪಾದರಸದಂಥ ವಿಷ ಇರುತ್ತದೆ. ಅದು ನೀರಿಗೆ ಇಳಿಯುತ್ತದೆ. ಮೀನಿಗೂ ಕೇಡು, ದನಕ್ಕೂ ಕೇಡು, ನಮಗೂ ಕೇಡು.

ಅದಕ್ಕೇ 2016ರಲ್ಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಪಿಒಪಿ ಮೂರ್ತಿಗಳನ್ನು ಕೆರೆ, ಬಾವಿ, ನದಿಗಳಲ್ಲಿ ಬಿಡುವುದನ್ನು ನಿಷೇಧಿಸಿತು. 2020ರಲ್ಲಿ ಕೇಂದ್ರದ ಮಂಡಳಿಯೂ ತನ್ನ ಸೂಚನೆಗಳನ್ನು ಬಿಗಿ ಮಾಡಿತು. ಕಾಯಿದೆ ಇದೆ. ಆದರೆ ಬಾವಿ ಕಾಯುವವರು ನಾವೇ ತಾನೆ?

ಕುಂಬಾರ ಕಾಕಾನ ಮಾತು

ಬಾವಿಯ ಕಟ್ಟೆ ಮೇಲೆ ಕೂತು ಮಾತಾಡಿದೆವು. "ಈ ಸಲ ಎಲ್ಲರೂ ಕೂಡಿ ಮಣ್ಣಿನಲ್ಲೇ ಎತ್ತು ಮಾಡೋಣ. ಹನುಮಪ್ಪನ ಗುಡಿ ಮುಂದೆ ಕೂತು ಮಾಡೋಣ" ಎಂದು ತೀರ್ಮಾನಿಸಿದೆವು. ಕಲಿಸಿಕೊಡಿ ಎಂದು ಕುಂಬಾರ ಕಾಕಾನ ಮನೆಗೆ ಹೋದೆವು.

ಕಾಕಾ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಹೇಳಿದರು:

"ಮೊದಲ ನಾನ ಮನಿಮನಿಗೆ ಎತ್ತು ಕೊಡ್ತಿದ್ದೆ. ನೀವು ಆಯದ ಜ್ವಾಳ ಕೊಡ್ತಿದ್ರಿ. ಆಮ್ಯಾಲ ಪ್ಯಾಟಿ ಎತ್ತು ಬಂತು, ನನ್ನ ಆಯ ಹ್ವಾತು. ಈಗ ನೀವ ಮಾಡ್ಕೋತೀವಿ ಅಂತೀರಿ. ಛಲೋ ಆತು. ಆದ್ರ ನನ್ನ ಹೊಟ್ಟಿ ಗತಿ ಏನ್ರಪಾ?"

ನಮಗೆ ನಾಚಿಕೆಯಾಯಿತು. ಬಾವಿಯ ಬಗ್ಗೆ ಯೋಚಿಸಿದ್ದೆವು. ಕಾಕಾನ ಬಗ್ಗೆ ಯೋಚಿಸಿರಲಿಲ್ಲ. ಪೇಟೆಯ ಎತ್ತು ಬಾವಿಯನ್ನಷ್ಟೇ ಅಲ್ಲ, ಒಂದು ಮನೆಯ ಒಲೆಯನ್ನೂ ಕೆಡಿಸಿತ್ತು.

ಅಲ್ಲೇ ಕೂತು ಲೆಕ್ಕ ಹಾಕಿದೆವು. ಮಣ್ಣು ಹದ ಮಾಡಿ ಕೊಡುವುದು ಕಾಕಾನ ಕೆಲಸ. ಪ್ರತಿ ಮನೆಯವರು ಅದಕ್ಕೆ ಕಾಳು ಇಲ್ಲವೆ ದುಡ್ಡು ಕೊಡುವುದು. ಕಲಿಸಿದ್ದಕ್ಕೆ ಬೇರೆ ಕೂಲಿ. ಪೂಜೆಯ ಜೋಡಿ ಎತ್ತನ್ನು ಕಾಕಾನಿಂದಲೇ ಕೊಳ್ಳುವುದು. ನಾವು ಮಾಡಿದ್ದು ಮಕ್ಕಳ ಕೈಗೆ. ಕಾಕಾ ಒಪ್ಪಿದರು.

ಒಳ್ಳೆಯ ಮಣ್ಣು ಯಾವುದು?

ಕಾಕಾ ನಮ್ಮನ್ನು ಕೆರೆಗೆ ಕರೆದುಕೊಂಡು ಹೋದರು. ಅಲ್ಲಿ ಅವರು ತಿಳಿಸಿದ್ದು ಇದು:

ಮಳೆ ನೀರು ಹೊಲದ ಮಣ್ಣನ್ನು ಹೊತ್ತು ಕೆರೆಗೆ ಬರುತ್ತದೆ. ಕೆರೆಗೆ ಬಂದ ಮೇಲೆ ನೀರಿನ ಓಟ ನಿಲ್ಲುತ್ತದೆ. ಭಾರವಾದ ಉಸುಕು ಮೊದಲು ಕೆಳಗೆ ಬೀಳುತ್ತದೆ. ಅದಕ್ಕೇ ನೀರು ಬರುವ ಕಡೆ ಉಸುಕು ಹೆಚ್ಚು. ನುಣ್ಣನೆಯ ಜಿಗಟು ಮಣ್ಣು ನೀರಿನಲ್ಲಿ ತೇಲಿ ಮುಂದೆ ಹೋಗಿ, ಕೊನೆಗೆ ತಳಕ್ಕೆ ಕೂಡುತ್ತದೆ. ಇದೇ ಎತ್ತಿಗೆ ಬೇಕಾದ ಮಣ್ಣು.

ಪರೀಕ್ಷೆ ಸುಲಭ. ಒಂದು ಹಿಡಿ ಮಣ್ಣಿಗೆ ನೀರು ಹಾಕಿ ನಾದಿ. ಅಂಗೈಯಲ್ಲಿ ಹೊಸೆದು ಶಾವಿಗೆಯಂತೆ ಎಳೆ ಮಾಡಿ. ತುಂಡಾಗದೆ ಉದ್ದ ಬಂದರೆ ಅದು ಜಿಗಟು ಮಣ್ಣು. ಪುಡಿ ಪುಡಿಯಾದರೆ ಉಸುಕು ಹೆಚ್ಚಿದೆ ಎಂದು ತಿಳಿಯಿರಿ.

ಈ ಪರೀಕ್ಷೆ ಹೊಲಕ್ಕೂ ಉಪಯೋಗ. ಜಿಗಟು ಮಣ್ಣು ನೀರನ್ನು ಬಹಳ ದಿನ ಹಿಡಿದುಕೊಳ್ಳುತ್ತದೆ. ಉಸುಕು ಮಣ್ಣು ಬೇಗ ಬಿಟ್ಟುಬಿಡುತ್ತದೆ. ಅದಕ್ಕೇ ಹಿರಿಯರು ಬೇಸಿಗೆಯಲ್ಲಿ ಕೆರೆಯ ಹೂಳನ್ನು ಗಾಡಿಯಲ್ಲಿ ತಂದು ಮಸಾರಿ ಹೊಲಕ್ಕೆ ಹಾಕುತ್ತಿದ್ದರು. ಹೊಲಕ್ಕೆ ಸಾರ ಸಿಗುತ್ತಿತ್ತು. ಕೆರೆಗೆ ಆಳ ಸಿಗುತ್ತಿತ್ತು. ಒಂದೇ ಕೆಲಸ, ಎರಡು ಲಾಭ.

ಎತ್ತು ಮಾಡುವ ರೀತಿ

1. ಒಣ ಮಣ್ಣು ತಂದು ಕಲ್ಲು, ಬೇರು ಆರಿಸಿ. ಕುಟ್ಟಿ ಜರಡಿ ಹಿಡಿಯಿರಿ.

2. ಒಂದು ರಾತ್ರಿ ನೀರಿನಲ್ಲಿ ನೆನೆ ಹಾಕಿ.

3. ಎರೆ ಮಣ್ಣು ಒಣಗುವಾಗ ಬಿರಿಯುತ್ತದೆ. ಅದಕ್ಕೆ ಸ್ವಲ್ಪ ಸಣ್ಣ ಉಸುಕು ಇಲ್ಲವೆ ಅರಳೆ ಬೆರೆಸಿ.

4. ರೊಟ್ಟಿ ಹಿಟ್ಟಿನಂತೆ ಚೆನ್ನಾಗಿ ನಾದಿ.

5. ಮೊದಲು ಮೈ, ಆಮೇಲೆ ಕಾಲು, ಹಿಣಿಲು, ಕೊರಳು, ಕೊಂಬು ಮಾಡಿ. ಜೋಡಿಸುವ ಕಡೆ ನೀರು ಹಚ್ಚಿ ಒತ್ತಿ.

6. ನೆರಳಿನಲ್ಲಿ ಒಣಗಿಸಿ. ಬೆಂಕಿಯಲ್ಲಿ ಸುಡಬೇಡಿ. ಸುಟ್ಟ ಮಣ್ಣು ನೀರಿನಲ್ಲಿ ಕರಗುವುದಿಲ್ಲ.

7. ಸುಣ್ಣ, ಕೆಮ್ಮಣ್ಣು, ಅರಿಸಿನ ಹಚ್ಚಿ. ಕಣ್ಣಿಗೆ ಕಾಳು ಒತ್ತಿ.

ಗುಡಿಯ ಮುಂದೆ

ಅಮಾವಾಸ್ಯೆಯ ಹಿಂದಿನ ದಿನ ಗುಡಿಯ ಮುಂದೆ ಎಲ್ಲರೂ ಸೇರಿದೆವು. ಮಣ್ಣಿನ ರಾಶಿ ಒಂದೇ ಇತ್ತು. ಮೇಲಿನ ಓಣಿಯವರು, ಕೆಳಗಿನ ಓಣಿಯವರು, ಎಲ್ಲರ ಕೈಯೂ ಅದೇ ರಾಶಿಗೆ. ಹೊಲ ಇದ್ದವರೂ ಬಂದರು. ಕೂಲಿ ಮಾಡುವವರೂ ಬಂದರು. ಪಟ್ಟಣಕ್ಕೆ ದುಡಿಯಲು ಹೋಗಿ ರಜೆಗೆ ಬಂದ ಹುಡುಗರೂ ಕೂತರು. ಮನೆಯಲ್ಲಿ ಎತ್ತು ಮಾರಿ ಟ್ರ್ಯಾಕ್ಟರ್ ಬಾಡಿಗೆಗೆ ತರುವವರು ಎಷ್ಟೋ ಜನ. ಅವರ ಮಕ್ಕಳು ಕೇಳಿದರು: "ಹಿಣಿಲು ಎಲ್ಲಿರ್ತದ?" ಅಜ್ಜಂದಿರು ತೋರಿಸಿಕೊಟ್ಟರು.

ನಮ್ಮ ಜೊತೆ ಓದು ಕಲಿಯುವ ಒಬ್ಬ ತಾಯಿ ಮಣ್ಣನ್ನು ಹಲಗೆಯಂತೆ ತಟ್ಟಿದಳು. ಅದರ ಮೇಲೆ ಕಡ್ಡಿಯಿಂದ ತನ್ನ ಹೆಸರು ಬರೆದಳು. ಪೆನ್ಸಿಲ್ ಹಿಡಿದರೆ ಅವಳ ಕೈ ನಡುಗುತ್ತಿತ್ತು. ಮಣ್ಣಿನ ಮೇಲೆ ನಡುಗಲಿಲ್ಲ.

"ಇದು ನನಗ ಗೊತ್ತಿರೂ ಹಲಗಿ" ಅಂದು ನಕ್ಕಳು.

ಹಬ್ಬ ಮುಗಿದ ಮೇಲೆ ಎತ್ತುಗಳನ್ನು ಬಾವಿಗೆ ಹಾಕಲಿಲ್ಲ. ದೊಡ್ಡ ಕೊಪ್ಪರಿಗೆಯಲ್ಲಿ ನೀರು ತುಂಬಿ ಅದರಲ್ಲಿ ಬಿಟ್ಟೆವು. ಮಕ್ಕಳು ಸುತ್ತ ನಿಂತು ನೋಡಿದರು. ಮೊದಲು ಕಾಲು ಮೆತ್ತಗಾಯಿತು. ಆಮೇಲೆ ಮೈ ಕುಸಿಯಿತು. ಬೆಳಗಾಗುವುದರಲ್ಲಿ ಬರೀ ಕೆಸರು. ಆ ಕೆಸರನ್ನು ಗುಡಿಯ ಬೇವಿನ ಸಸಿಗೆ ಹಾಕಿದೆವು.

ಕೊಪ್ಪರಿಗೆಯ ತಳದಲ್ಲಿ ಕಾಳುಗಳು ಉಳಿದಿದ್ದವು. ಅಜ್ಜಿ ಅವನ್ನು ಆರಿಸಿ ಹಿತ್ತಲಲ್ಲಿ ಊರಿದಳು.

ಒಂದು ಎಚ್ಚರಿಕೆ

ಮಣ್ಣು ತೆಗೆಯುವಾಗ ಕೆರೆಯಲ್ಲಿ ಆಳದ ಗುಂಡಿ ತೋಡಬೇಡಿ. ನೀರು ತುಂಬಿದ ಮೇಲೆ ಗುಂಡಿ ಕಾಣುವುದಿಲ್ಲ. ಈಜಲು ಇಳಿದ ಮಕ್ಕಳು, ನೀರು ಕುಡಿಯಲು ಹೋದ ದನಗಳು ಸಿಕ್ಕಿಬೀಳುತ್ತವೆ. ಏರಿಯ ಬುಡದ ಮಣ್ಣನ್ನು ಮುಟ್ಟಲೇಬೇಡಿ. ಏರಿ ಸಡಿಲಾದರೆ ಕೆರೆಯೇ ಒಡೆಯುತ್ತದೆ. ಮೇಲಿನ ಪದರವನ್ನು ಅಗಲವಾಗಿ, ಸಮನಾಗಿ ಕೆರೆದು ತೆಗೆಯಿರಿ. ಪಂಚಾಯಿತಿಗೆ ಮೊದಲೇ ತಿಳಿಸಿ.

ನೆನಪಿಡಿ

ಕೆರೆ ಇದ್ದರೆ ಮಣ್ಣು. ಮಣ್ಣು ಇದ್ದರೆ ಬೆಳೆ. ಕೆರೆಯನ್ನು ಒತ್ತುವರಿ ಮಾಡಿ ಮುಚ್ಚಿದರೆ ಎತ್ತು ಮಾಡಲು ಮಣ್ಣೂ ಇಲ್ಲ, ಬಿಡಲು ನೀರೂ ಇಲ್ಲ. ಹಬ್ಬ ಉಳಿಯಬೇಕಾದರೆ ಕೆರೆ ಉಳಿಯಬೇಕು. ಕೈಕಸುಬಿನವರೂ ಉಳಿಯಬೇಕು.

ಕೂಡಿ ಚರ್ಚಿಸಿ

1. ನಿಮ್ಮ ಊರಲ್ಲಿ ಮಣ್ಣಿನಿಂದ ಯಾವ ಯಾವ ಹಬ್ಬ ಮಾಡುತ್ತೀರಿ? ಮಣ್ಣು ಎಲ್ಲಿಂದ ತರುತ್ತೀರಿ?

2. ನಿಮ್ಮ ಕೆರೆಯ ಹೂಳು ತೆಗೆದು ಎಷ್ಟು ವರ್ಷವಾಯಿತು? ಹಿರಿಯರನ್ನು ಕೇಳಿ.

3. ಕುಂಬಾರ ಕಾಕಾ ಕೇಳಿದ ಪ್ರಶ್ನೆ ಸರಿಯೇ? ನೀವಾಗಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ?

ಓದಿ, ಬರೆಯಿರಿ

ಮಣ್ಣು, ಕೆರೆ, ಹೂಳು, ಏರಿ, ಎತ್ತು, ಗೋದಲಿ, ಕುಂಬಾರ.

ಈ ಪದಗಳನ್ನು ಗಟ್ಟಿಯಾಗಿ ಓದಿ. ಹಸಿ ಮಣ್ಣನ್ನು ಹಲಗೆಯಂತೆ ತಟ್ಟಿ, ಕಡ್ಡಿಯಿಂದ ಒಂದೊಂದಾಗಿ ಬರೆಯಿರಿ. ತಪ್ಪಾದರೆ ನೀರು ಸವರಿ, ಮತ್ತೆ ಬರೆಯಿರಿ.