ಮಾತ್ರೆಗೆ ಮೊದಲು ಮಲದ ಕಲ್ಚರ್

ಹೊಟ್ಟೆ ಕೆಟ್ಟವರಲ್ಲಿ ಹೆಚ್ಚಿನವರಿಗೆ ಯಾವ ಪರೀಕ್ಷೆಯೂ ಬೇಕಿಲ್ಲ. ಓಆರ್‌ಎಸ್ ಕುಡಿಯುತ್ತಾ ಎರಡು ಮೂರು ದಿನ ಸುಧಾರಿಸಿಕೊಂಡರೆ ಭೇದಿ ತಾನಾಗಿ ನಿಲ್ಲುತ್ತದೆ. ಆದರೆ ಮಲದಲ್ಲಿ ರಕ್ತ, ಲೋಳೆ ಕಂಡರೆ, ಜೋರು ಜ್ವರವಿದ್ದರೆ, ಅಕ್ಕಿ ತೊಳೆದ ನೀರಿನಂತೆ ಮೇಲಿಂದ ಮೇಲೆ ಹೋಗುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ. ಮಲದ ಕಲ್ಚರ್, ಅಂದರೆ ಮಲದಲ್ಲಿನ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸುವ ಪರೀಕ್ಷೆ, ಬೇಕಾಗುವುದು ಇಂಥವರಿಗೆ.

ಭೇದಿ ಶುರುವಾದ ಕೂಡಲೇ ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತಂದು ನುಂಗಿ, ಕಡಿಮೆಯಾಗದಿದ್ದರೆ ಲ್ಯಾಬಿಗೆ ಹೋಗುವ ರೂಢಿ ನಮ್ಮಲ್ಲಿದೆ. ಇದರಿಂದ ಆಗುವ ನಷ್ಟ ದೊಡ್ಡದು. ಔಷಧ ತಾಗಿದ ಬ್ಯಾಕ್ಟೀರಿಯಾ ಲ್ಯಾಬಿನಲ್ಲಿ ಬೆಳೆಯದೇ ಹೋಗಬಹುದು. ಸೋಂಕು ಇದ್ದೂ ವರದಿಯಲ್ಲಿ ‘ರೋಗಾಣು ಇಲ್ಲ’ ಎಂದು ಬರಬಹುದು. ರೋಗಿ ತೀರಾ ನಿತ್ರಾಣನಾಗಿದ್ದರೆ ವೈದ್ಯರು ವರದಿಗೆ ಕಾಯದೆ ಔಷಧ ಶುರು ಮಾಡುತ್ತಾರೆ, ಅದು ಸರಿಯೇ. ಆಗಲೂ ಮೊದಲ ಡೋಸ್‌ಗೆ ಮುಂಚೆ ಮಾದರಿ ತೆಗೆದುಕೊಳ್ಳಲು ಸಾಧ್ಯವೇ ಎಂದು ಕೇಳಿ.

ಮಾದರಿ ತೆಗೆಯುವ ಬಗೆ

ಅಗಲ ಬಾಯಿಯ ಶುದ್ಧ ಡಬ್ಬಿಯನ್ನು ಲ್ಯಾಬಿನಿಂದಲೇ ತನ್ನಿ. ಮನೆಯಲ್ಲಿ ತೊಳೆದಿಟ್ಟ ಸೀಸೆ ಬೇಡ. ಸೋಪು, ಫಿನಾಯಿಲ್‌ನ ಅಂಶ ಉಳಿದಿದ್ದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಮೊದಲು ಮೂತ್ರ ಮಾಡಿ ಬನ್ನಿ. ಕಮೋಡಿನ ನೀರು ತಾಗದಂತೆ ಮಲವನ್ನು ಸ್ವಚ್ಛ ಪ್ಲಾಸ್ಟಿಕ್ ಹಾಳೆಯ ಮೇಲೆ ಹಿಡಿಯಿರಿ. ರಕ್ತ, ಲೋಳೆ ಇರುವ ಭಾಗವನ್ನೇ ಆರಿಸಿ ಡಬ್ಬಿಯ ಚಮಚದಿಂದ ತೆಗೆಯಿರಿ, ರೋಗಾಣು ಸಿಗುವ ಸಾಧ್ಯತೆ ಅಲ್ಲೇ ಹೆಚ್ಚು. ಒಂದು ನೆಲ್ಲಿಕಾಯಿ ಗಾತ್ರ ಸಾಕು. ನೀರಾಗಿದ್ದರೆ ಐದರಿಂದ ಹತ್ತು ಎಂಎಲ್. ಡಬ್ಬಿಯ ಮೇಲೆ ಹೆಸರಿನ ಜೊತೆ ತೆಗೆದ ಸಮಯವನ್ನೂ ಬರೆದು, ಸೋಪಿನಿಂದ ಕೈ ತೊಳೆಯಿರಿ.

ಇನ್ನು ಹೊತ್ತಿನ ಲೆಕ್ಕ. ಎರಡು ಗಂಟೆಯೊಳಗೆ ಮಾದರಿ ಲ್ಯಾಬ್ ಸೇರಬೇಕು. ಇಟ್ಟ ಮಲ ಹುಳಿಯಾಗುತ್ತಾ ಹೋಗುತ್ತದೆ. ರಕ್ತಭೇದಿ ತರುವ ಶಿಗೆಲ್ಲಾ ಆ ಆಮ್ಲದಲ್ಲಿ ಬೇಗ ಸಾಯುತ್ತದೆ. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬಸ್ಸಿನಲ್ಲಿ ಒಯ್ಯಬೇಕಾದವರು ‘ಕ್ಯಾರಿ ಬ್ಲೇರ್’ ಎಂಬ ಸಾಗಣೆ ಮಾಧ್ಯಮದ ಟ್ಯೂಬನ್ನು ಮೊದಲೇ ಕೇಳಿ ಪಡೆಯಬೇಕು. ಹತ್ತಿಯ ಕಡ್ಡಿಯಲ್ಲಿ ತೆಗೆದ ಮಾದರಿ ಅದರಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ.

ಲ್ಯಾಬಿನೊಳಗೆ

ಮೊದಲು ಸೂಕ್ಷ್ಮದರ್ಶಕದಲ್ಲಿ ಕೀವಿನ ಕಣ, ರಕ್ತಕಣ, ಅಮೀಬಾ ನೋಡುತ್ತಾರೆ. ಕಾಲರಾ ಅನುಮಾನವಿದ್ದರೆ ಒಂದು ಹನಿಯಲ್ಲಿ ಚಿಮ್ಮಿ ಓಡುವ ಅದರ ರೋಗಾಣು ವಿಬ್ರಿಯೋ ಆಗಲೇ ಕಾಣಬಹುದು. ಆಮೇಲೆ ಕಲ್ಚರ್: ಪೋಷಕ ಮಾಧ್ಯಮದ ತಟ್ಟೆಗಳಿಗೆ ಮಾದರಿ ಸವರಿ 37 ಡಿಗ್ರಿಯಲ್ಲಿ ಒಂದು ರಾತ್ರಿ ಇಡುತ್ತಾರೆ. ಮೆಕಾಂಕಿ ತಟ್ಟೆಯಲ್ಲಿ ಕರುಳಿನ ಸಾಮಾನ್ಯ ಇ-ಕೋಲೈ ಗುಲಾಬಿ ಬಣ್ಣಕ್ಕೆ ತಿರುಗಿದರೆ, ಭೇದಿ ತರುವ ಸಾಲ್ಮೊನೆಲ್ಲಾ, ಶಿಗೆಲ್ಲಾ ಬಣ್ಣವಿಲ್ಲದೆ ಬೆಳೆಯುತ್ತವೆ. ಕಾಲರಾ ರೋಗಾಣುವಿಗೆ ಟಿಸಿಬಿಎಸ್ ಎಂಬ ಬೇರೆ ತಟ್ಟೆ; ಅಲ್ಲಿ ಅದು ಹಳದಿ. ಭೇದಿ ತರುವ ಇನ್ನೊಂದು ರೋಗಾಣು ಕ್ಯಾಂಪೈಲೋಬ್ಯಾಕ್ಟರ್‌ಗೆ 42 ಡಿಗ್ರಿ ಶಾಖ, ಕಡಿಮೆ ಆಮ್ಲಜನಕ, 48 ಗಂಟೆ ಬೇಕು. ಹೇಳದಿದ್ದರೆ ಅನೇಕ ಲ್ಯಾಬ್‌ಗಳು ಅದನ್ನು ಹುಡುಕುವುದೇ ಇಲ್ಲ. ಆದ್ದರಿಂದ ಚೀಟಿಯಲ್ಲಿ ವೈದ್ಯರ ಅನುಮಾನ, ನೀವು ಈಗಾಗಲೇ ನುಂಗಿದ ಮಾತ್ರೆ ಎರಡೂ ಬರೆದಿರಲಿ.

ಬೆಳೆದದ್ದು ಯಾವುದೆಂದು ಖಚಿತವಾದ ಮೇಲೆ ಔಷಧದ ಬಿಲ್ಲೆಗಳನ್ನಿಟ್ಟು ಯಾವುದಕ್ಕೆ ಬಗ್ಗುತ್ತದೆಂದು ಪರೀಕ್ಷಿಸುತ್ತಾರೆ. ಹೀಗಾಗಿ ಪೂರ್ತಿ ವರದಿಗೆ ಎರಡು ಮೂರು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು. ವರದಿಯಲ್ಲಿ ಔಷಧದ ಮುಂದೆ ‘ಎಸ್’ ಇದ್ದರೆ ಅದು ಕೆಲಸ ಮಾಡೀತು, ‘ಆರ್’ ಇದ್ದರೆ ಬ್ಯಾಕ್ಟೀರಿಯಾ ಜಗ್ಗದು. ಪಟ್ಟಿ ನೋಡಿ ನೀವೇ ಮಾತ್ರೆ ಕೊಳ್ಳಬೇಡಿ. ಕೆಲವು ಸೋಂಕಿಗೆ ಆ್ಯಂಟಿಬಯೋಟಿಕ್ ಬೇಕೇ ಇಲ್ಲ. ರೋಗಾಣುವಿನ ಜೀನ್ ಹುಡುಕುವ ಪಿಸಿಆರ್ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಹೆಸರು ಹೇಳುತ್ತದೆ, ಆದರೆ ದುಬಾರಿ. ಸತ್ತ ರೋಗಾಣುವನ್ನೂ ಹಿಡಿಯುತ್ತದೆ, ಯಾವ ಔಷಧ ನಾಟುತ್ತದೆಂದು ಕಲ್ಚರ್‌ನಷ್ಟು ಸ್ಪಷ್ಟವಾಗಿ ತಿಳಿಸದು.

ಟೈಫಾಯ್ಡ್ ಕರುಳಿನಿಂದ ಒಳಹೊಕ್ಕರೂ ಮೊದಲ ವಾರ ಅದನ್ನು ಹುಡುಕಬೇಕಾದದ್ದು ರಕ್ತದ ಕಲ್ಚರ್‌ನಲ್ಲಿ; ಮಲದಲ್ಲಿ ಅದು ಹೆಚ್ಚಾಗಿ ಸಿಗುವುದು ಆಮೇಲೆ. ಜ್ವರ ಬಂದ ಎರಡನೇ ದಿನವೇ ವಿಡಾಲ್ ಮಾಡಿಸುವುದು ನಮ್ಮೂರುಗಳಲ್ಲಿ ಸಾಮಾನ್ಯ. ಆ ಪರೀಕ್ಷೆ ನೋಡುವುದು ರೋಗಾಣುವನ್ನಲ್ಲ, ದೇಹದ ಪ್ರತಿಕಾಯವನ್ನು. ಅಷ್ಟು ಬೇಗ ಅದು ಮೂಡಿರುವುದಿಲ್ಲ, ಹಳೆಯ ಸೋಂಕಿನಿಂದಲೂ ಪಾಸಿಟಿವ್ ಬರಬಹುದು. ಒಂದೇ ವಿಡಾಲ್ ನೋಡಿ ಟೈಫಾಯ್ಡ್ ಎಂದರೆ, ರಕ್ತದ ಕಲ್ಚರ್ ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಿ.